ಬೈರಾಸಿನ ಮರೆಯಲ್ಲಿ ಎರಡು ಮೀನು

"ಮೀನು ಒಳಗೆ ತರುವ ಹಾಗಿಲ್ಲ," ಎಂದು ಮದರಾಸಿನ ಉಡುಪಿ ಹೋಟೆಲಿನ ಯಜಮಾನ ಭಟ್ಟರು ನನ್ನ ಕೈಲಿದ್ದ ಗಾಜಿನ ಜಾಡಿಯನ್ನು ತಡೆದರು. ಮಗಳಿಗೆಂದು ಮೂರ್ ಮಾರ್ಕೆಟ್ಟಿನಲ್ಲಿ ಕೊಂಡ ಬಣ್ಣದ ಮೀನುಗಳು. ಬೆಂಗಳೂರಿಗೆ ನನ್ನ ರೈಲು ಮರುದಿನ.

"ಇವು ತಿನ್ನುವುದಕ್ಕಲ್ಲ, ಸಾಕುವುದಕ್ಕೆ," ಎಂದು ಅಹವಾಲು ಸಲ್ಲಿಸಿದೆ.

"ಅದು ಬೇರೆ ಗಿರಾಕಿಗಳಿಗೆ ಗೊತ್ತುಂಟಾ ಮಾರಾಯ್ರೆ? ಮೇಲೊಂದು ಬೈರಾಸು ಮುಚ್ಚಿ ತಕೊಂಡು ಹೋಗಿ."

ಜಾಡಿಗೆ ಟವೆಲ್ಲು ಹೊದಿಸಿ ರೂಮಿಗೆ ಒಯ್ದೆ. ಅಲ್ಲಿ ಹಳೆಯ ನೀರು ಚೆಲ್ಲಿ ನಲ್ಲಿ ನೀರು ತುಂಬಿಸಿದ್ದೇ ತಪ್ಪಾಯಿತು. ಮೀನುಗಳು ಮೇಲೆ ತೇಲಿ ಬಾಯಿ ಬಾಯಿ ಬಿಡತೊಡಗಿದವು. ಹೆರಿಗೆ ಕೋಣೆಯ ಹೊರಗಿನ ಗಂಡನಂತೆ ನಾನು ವರಾಂಡದಲ್ಲಿ ಶತಪಥ ಹಾಕುತ್ತಿದ್ದುದನ್ನು ಕಂಡು ಭಟ್ಟರು ಬಂದು ಇಣುಕಿದರು.

"ನಲ್ಲಿ ನೀರಿಗೆ ಮದ್ದು ಹಾಕಿರ್ತಾರೆ," ಎಂದವರೇ, ಗಿರಾಕಿಗಳು ಹಗ್ಗವನ್ನೂ ಮುಟ್ಟುವಂತಿಲ್ಲದ ಅಡುಗೆಯ ಮಡಿ ಬಾವಿಯಿಂದ ತಾವೇ ನೀರು ಸೇದಿ ತಂದು ಜಾಡಿ ತುಂಬಿಸಿದರು. ಆಮೇಲೆ ಮಡಿ ಕೆಟ್ಟಿತೆಂದು ಮತ್ತೊಮ್ಮೆ ಸ್ನಾನಕ್ಕೆ ನಡೆದರು.

ಮೀನುಗಳು ಜೀವಂತವಾಗಿ ಮನೆ ಸೇರಿದವು. 'ಶುದ್ಧ ಸಸ್ಯಾಹಾರಿ' ಬೋರ್ಡು ಎಲ್ಲೇ ಕಂಡರೂ ನನಗೆ ಭಟ್ಟರ ಆ ಎರಡನೇ ಸ್ನಾನ ನೆನಪಾಗುತ್ತದೆ.