ಸೂಜಿಗೆ ದಾರ ಪೋಣಿಸೋ ಕೆಲಸ

ದೊಡ್ಡೇರಿಯಲ್ಲಿ ನಂದೊಂದು ಹೊಲಿಗೆ ಅಂಗಡಿ. ಹೆಂಡತಿ ತೀರಿಕೊಂಡ ಮೇಲೆ ಸೂಜಿ ಮಂಜುಮಂಜಾಗಿ ಕಾಣೋಕೆ ಶುರುವಾಯ್ತು.

"ಅತ್ತು ಅತ್ತು ಹಂಗಾಗೈತೆ ಕಣಣ್ಣ. ಸುಮ್ನೆ ಬುಡು, ಸರಿಹೋಯ್ತದೆ" ಅಂದ ಪಕ್ಕದ ಟೀ ಅಂಗಡಿಯವನು. ನಾನೂ ಹಂಗೇ ಅಂದ್ಕೊಂಡಿದ್ದೆ. ಸರಿಹೋಗಲಿಲ್ಲ. ಅಂಗಡಿ ಮುಚ್ಚಬೇಕಾಗ್ತದೇನೋ ಅಂತ ಹೆದರಿ, ಮಧುಗಿರಿಯ ಕನ್ನಡಕದ ಅಂಗಡಿಗೆ ಹೋದೆ.

ಅಲ್ಲಿ ಕಣ್ಣು ಟೆಸ್ಟ್ ಮಾಡೋ ಹೆಣ್ಣುಮಗಳು ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿದಳು. ಶುಗರ್ ಐತಾ ಅಂತ ಕೇಳಿದಳು. ಲೈಟ್ ಬಿಟ್ಟು ಪೊರೆ ಬಂದೈತಾ ಅಂತ ನೋಡಿದಳು. ಎರಡೂ ಇರಲಿಲ್ಲ.

"ಯಜಮಾನ್ರೇ, ಇದು ಅತ್ತು ಬಂದಿದ್ದಲ್ಲ, ವಯಸ್ಸಿಗೆ ಬಂದಿದ್ದು. ಹತ್ತಿರದ್ದು ಮಂಜಾಗಿ ಎಷ್ಟೋ ವರ್ಷ ಆಗಿರ್ಬೇಕು. ಆವಾಗ್ಲೇ ಬಂದು ತೋರಿಸ್ಬೇಕಿತ್ತು. ಇಷ್ಟು ದಿನ ದಾರ ಹೆಂಗೆ ಪೋಣಿಸ್ತಿದ್ರಿ?"

"ನನ್ನ ಹೆಂಡ್ತಿ ಪೋಣಿಸಿ ಕೊಡೋಳು ಕಣಮ್ಮ. ಗುಂಡಿ, ಹುಕ್ಸು ಅವಳೇ ಹಾಕೋಳು. ಮಿಕ್ಕಿದ್ದು ಕೈ ಅಭ್ಯಾಸ."

ಆಯಮ್ಮ ಕನ್ನಡಕದ ನಂಬರ್ ಬರೆದಳು.

ಈಗ ಕನ್ನಡಕ ಹಾಕ್ಕೊಂಡರೆ ದಾರ ಒಂದೇ ಸಲಕ್ಕೆ ಹೋಗ್ತದೆ. ನನ್ನ ಹೆಂಡತಿ ಪೋಣಿಸೋವಾಗ ಒಂದಷ್ಟು ಬೈಯೋಳು, ಆಮೇಲೆ ಸೂಜಿ ಕೈಗೆ ಬರೋದು. ಈಗ ಆ ಹೊತ್ತೆಲ್ಲ ಉಳೀತದೆ. ಅದನ್ನ ಏನು ಮಾಡ್ಬೇಕು ಅಂತ ಆಯಮ್ಮನ್ನ ಕೇಳೋಕೆ ಮರೆತೆ.