ಸವೆದ ಬೆರಳುಗಳ ಸರದಿ

ಬೆಳಗಿನ ಐದೂವರೆ. ವಿಮಾನ ನಿಲ್ದಾಣದ ಗಾಜಿನ ಗೋಡೆಯಾಚೆ ಈಗಷ್ಟೇ ಬೆಳಕು ಹರಿಯುತ್ತಿದೆ. ಒಳಗೆ, ಇಮಿಗ್ರೇಷನ್‌ನ ಗಾಲಿಕುರ್ಚಿ ಸಾಲಿನಲ್ಲಿ, ನೀಲಿ ಕೋಟು ತೊಟ್ಟ ಹೆಂಗಸೊಬ್ಬರು ಗಾಲಿಕುರ್ಚಿಗೆ ಬ್ರೇಕ್ ಹಾಕಿ, ಅದರಲ್ಲಿ ಕೂತ ಹಿರಿಯರ ಎದುರು ಮಂಡಿಯೂರುತ್ತಾರೆ. ಊರುವಾಗ "ಉಸ್ಸಪ್ಪಾ" ಎನ್ನುತ್ತಾರೆ. ಜೇಬಿನಿಂದ ಒದ್ದೆ ಬಟ್ಟೆ ತೆಗೆದು ಹಿರಿಯರ ಬಲಗೈ ಬೆರಳುಗಳನ್ನು ಒಂದೊಂದಾಗಿ ಒರೆಸಿ, ತಮ್ಮ ಅಂಗೈಗಳ ನಡುವೆ ಇಟ್ಟು ಉಜ್ಜುತ್ತಾರೆ. ಪಕ್ಕದಲ್ಲಿ ನಿಂತ ಮಗಳು ಮಿಕಿಮಿಕಿ ನೋಡುತ್ತಿದ್ದಾಳೆ.

"ಏನ್ ಕೆಲಸ ಮಾಡ್ತಿದ್ರಿ ಯಜಮಾನ್ರೇ?"

"ಗಾರೆ ಕೆಲಸ. ನಲವತ್ತೈದು ವರ್ಷ ಆಯ್ತು. ಈಗ್ಲೂ ಬಿಟ್ಟಿಲ್ಲ. ಬೀಪಿ ಅಂತ ಮಗಳು ಈ ಕುರ್ಚಿ ಹಿಡಿಸಿದಾಳೆ."

"ಅಂದ್ಕೊಂಡೆ. ಸಿಮೆಂಟು ರೇಖೆನೆಲ್ಲ ತಿಂದ್ಹಾಕಿದೆ. ಅಲ್ಲಿ ಕೌಂಟರಲ್ಲಿ ಬೆರಳಚ್ಚು ತಗೊಳ್ಳೋ ಮೆಷಿನ್ನು ನಿಮ್ಮನ್ನ ಒಪ್ಕೊಳ್ಳೋಕೆ ಸ್ವಲ್ಪ ಸತಾಯಿಸತ್ತೆ. ಗಾಬರಿ ಆಗ್ಬೇಡಿ."

ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಕುರ್ಚಿಯಕ್ಕ ಎಂದೇ. ವಯಸ್ಸು ಐವತ್ಮೂರು. ದೂರ ನಡೆಯಲಾಗದ ಪ್ರಯಾಣಿಕರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಲಗೇಜು ಒಪ್ಪಿಸುವ ಕೌಂಟರಿನಿಂದ ವಿಮಾನದ ಬಾಗಿಲಿನವರೆಗೆ ತಳ್ಳಿಕೊಂಡು ಹೋಗುವುದು ಅವರ ಕೆಲಸ. ಹದಿನಾರು ವರ್ಷಗಳಿಂದ ಇದೇ. ಅದಕ್ಕೂ ಮೊದಲು ಹತ್ತು ವರ್ಷ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದರು; ಆಸ್ಪತ್ರೆ ಬಾಗಿಲು ಹಾಕಿತು. ಗಂಡ ತೀರಿಕೊಂಡ ಮೇಲೆ ತಂಗಿಯ ಎರಡು ಕೋಣೆಯ ಮನೆಯಲ್ಲೇ ವಾಸ. ಮೂರೂವರೆಗೆ ಎದ್ದರೆ ಮೊದಲ ಬಸ್ಸು ಸಿಗುತ್ತದೆ. ಅದರಲ್ಲಿ ಕೂರಲು ಜಾಗ ಸಿಕ್ಕರೆ ಆ ದಿನ ಪುಣ್ಯದ ದಿನ. ಯಾಕೆಂದರೆ ಮುಂದಿನ ಎಂಟು ತಾಸು ಕೂರುವಂತಿಲ್ಲ. ಸುತ್ತ ಇನ್ನೂರು ಕುರ್ಚಿಗಳಿದ್ದರೂ ತಳ್ಳುವವರು ಅವುಗಳಲ್ಲಿ ಕೂತರೆ ನೋಟಿಸ್ ಬರುತ್ತದೆ.

ದಿನಕ್ಕೆ ಹನ್ನೆರಡು ಕಿಲೋಮೀಟರ್ ನಡಿಗೆ. ಎಡ ಮೊಣಕಾಲಿಗೆ ಪಟ್ಟಿ. ಇದೆಲ್ಲ ಅವರಿಗೆ ಅಭ್ಯಾಸವಾಗಿಹೋಗಿದೆ. ಅಭ್ಯಾಸವಾಗದೆ ಉಳಿದಿರುವುದು ಒಂದೇ ಲೆಕ್ಕ: ತಲೆಯೆಣಿಕೆ. ಉಳಿದವರು ಪಾಳಿಗೆ ಹನ್ನೆರಡು, ಹದಿಮೂರು ಮಂದಿಯನ್ನು ದಾಟಿಸುತ್ತಾರೆ. ಕುರ್ಚಿಯಕ್ಕನದು ಎಂಟು, ಹೆಚ್ಚೆಂದರೆ ಒಂಬತ್ತು. ಸೂಪರ್‌ವೈಸರ್‌ಗೆ ಕುರ್ಚಿ ತಳ್ಳುವ ಹುಡುಗರು ಇಟ್ಟ ಹೆಸರು ಗಡಿಯಾರ. ಈ ತಿಂಗಳಲ್ಲಿ ಒಂದು ಪಾಳಿಯಲ್ಲಾದರೂ ಹನ್ನೆರಡು ಮಂದಿಯನ್ನು ದಾಟಿಸದಿದ್ದರೆ ಅಕ್ಕನನ್ನು ಖಾಲಿ ಕುರ್ಚಿಗೆ ಹಾಕುತ್ತೇನೆಂದು ಅವರು ಹೇಳಿಬಿಟ್ಟಿದ್ದಾರೆ. ಅಂದರೆ ಗೇಟುಗಳಲ್ಲಿ ಬಿಟ್ಟುಹೋದ ಕುರ್ಚಿಗಳನ್ನು ಒಂದಕ್ಕೊಂದು ಸಿಕ್ಕಿಸಿ ವಾಪಸ್ ತರುವ ಕೆಲಸ. ಇವತ್ತು ತಿಂಗಳ ಕೊನೆಯ ದಿನ.

"ಸಂಬಳ ಅಷ್ಟೇ ಇರತ್ತೆ, ಮಂಡಿಗೂ ಆರಾಮ. ಬೇರೆಯವರಾಗಿದ್ರೆ ಕಣ್ಣಿಗೊತ್ಕೊಂಡು ತಗೋತಿದ್ರು" ಎನ್ನುತ್ತಾರೆ ಅಕ್ಕ. "ನನಗೆ ಬೇಡ. ಮನುಷ್ಯರ ಜೊತೆ ಮಾತಾಡಿ ಮಾತಾಡಿ ಅಭ್ಯಾಸ. ಖಾಲಿ ಕುರ್ಚಿ ಹತ್ರ ಏನಂತ ಮಾತಾಡ್ಲಿ?"

ಆ ಮಾತೇ ಅವರನ್ನು ನಿಧಾನ ಮಾಡಿರುವುದು. ಅಪ್ಪ ಅಮ್ಮನನ್ನು ಹೊರದೇಶಕ್ಕೆ ಕರೆದೊಯ್ಯುವ ಮಕ್ಕಳು ಪಾಸ್‌ಪೋರ್ಟು ತಾವೇ ಹಿಡಿದಿರುತ್ತಾರೆ, ಉತ್ತರವನ್ನೂ ತಾವೇ ಕೊಡುತ್ತಾರೆ. ಗಾಜಿನಾಚೆಯ ಅಧಿಕಾರಿ "ಅವರೇ ಹೇಳ್ಲಿ" ಎಂದ ತಕ್ಷಣ ಹಿರಿಯರು ತಮ್ಮ ಹೆಸರನ್ನೇ ಮರೆತವರ ಹಾಗೆ ಕೂತುಬಿಡುತ್ತಾರೆ. ಆಮೇಲೆ ಪಕ್ಕದ ಕೋಣೆ, ಮೇಲಧಿಕಾರಿ, ಕೈತಪ್ಪಿದ ವಿಮಾನ. ಹಾಗಾಗದಿರಲೆಂದು ಅಕ್ಕ ಸಾಲಿನಲ್ಲೇ ಪ್ರಶ್ನೆ ಕೇಳಿ ಬಾಯಿ ಬಿಡಿಸುತ್ತಾರೆ. ಇದನ್ನು ಯಾರೂ ಅವರಿಗೆ ವಹಿಸಿಲ್ಲ.

"ಯಾಕೆ ಹೋಗ್ತಿದೀರಿ ಯಜಮಾನ್ರೇ?"

"ದೊಡ್ಡ ಮಗಳು ಅಲ್ಲಿದಾಳೆ. ಊರು ನೋಡೋಕೆ ಬಾ ಅಂತ ಒಂದೇ ಹಟ." ಮೇಸ್ತ್ರಿಯ ಮುಖ ಅರಳುತ್ತದೆ.

ಕಿರಿಯ ಮಗಳು ಫೈಲು ತೆರೆದು ಕಾಗದ ಹುಡುಕುತ್ತಿದ್ದಾಳೆ. ಮೇಲಿನ ಹಾಳೆ ಹೊರದೇಶದ ಆಸ್ಪತ್ರೆಯೊಂದರದು. ಹತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದ ಅಕ್ಕನಿಗೆ ಅದನ್ನು ಗುರುತಿಸಲು ಓದಬೇಕಾಗಿಲ್ಲ. ತಲೆಯೆತ್ತಿ ಮಗಳನ್ನು ನೋಡುತ್ತಾರೆ. ಮಗಳು ಬೇಡವೆಂಬಂತೆ ತಲೆಯಾಡಿಸುತ್ತಾಳೆ, ಕಣ್ಣು ತುಂಬಿದೆ.

ಅಕ್ಕ ಬ್ರೇಕ್ ತೆಗೆಯುತ್ತಾರೆ. ಮುಂದೆ ಇದ್ದದ್ದು ಎರಡೇ ಕುರ್ಚಿ. ಆದರೂ ಸಾಲು ಬಿಟ್ಟು, ಕುಡಿಯುವ ನೀರಿನ ನಲ್ಲಿಯ ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತಾರೆ. ಹಿಂದಿನಿಂದ ಐದು ಕುರ್ಚಿಗಳು ಅವರ ಜಾಗಕ್ಕೆ ನುಗ್ಗುತ್ತವೆ.

"ವೀಸಾ ಈ ಕಾಗದದ ಮೇಲೆ ತಾನೇ ಕೊಟ್ಟಿರೋದು?" ಮಗಳಿಗೆ ಮೆಲ್ಲಗೆ ಹೇಳುತ್ತಾರೆ. "ಆಫೀಸರು ಅದನ್ನೇ ನೋಡಿ ಕೇಳ್ತಾರೆ. ಅಪ್ಪ ಊರು ನೋಡೋಕೆ ಅಂತಾರೆ. ಆಗ ಆಫೀಸರು ಗಾಜಿನ ಆಚೆಯಿಂದ ದೊಡ್ಡ ಮಗಳ ಕಾಯಿಲೆ ಹೆಸರು ಓದಿ ಹೇಳ್ತಾರೆ. ಅವರ ಬಾಯಲ್ಲಿ ಕೇಳೋದು ಬೇಡಮ್ಮ. ನೀವೇ ಹೇಳಿ."

"ಅಪ್ಪಂಗೆ ಬೀಪಿ ಇದೆ ಅಕ್ಕಾ. ಅಲ್ಲಿಗೆ ಹೋದ್ಮೇಲೆ ನಿಧಾನಕ್ಕೆ..."

"ನಾನು ಇಲ್ಲೇ ಇರ್ತೀನಿ. ಹೇಳಿ."

ಮಗಳು ನೆಲದ ಮೇಲೆ ಕೂತು ಅಪ್ಪನ ಮೊಣಕಾಲು ಹಿಡಿದುಕೊಂಡು ಹೇಳುತ್ತಾಳೆ. ದೊಡ್ಡವಳಿಗೆ ರಕ್ತದ ಕಾಯಿಲೆ, ಎರಡು ತಿಂಗಳಿಂದ ಆಸ್ಪತ್ರೆಯಲ್ಲಿದ್ದಾಳೆ, ಅಪ್ಪ ಬೇಕು ಅಂತಿದ್ದಾಳೆ. ಮೇಸ್ತ್ರಿ ಅಳುವುದಿಲ್ಲ. ತೊಡೆಯ ಮೇಲಿನ ಕೈಗಳನ್ನೇ ನೋಡುತ್ತಾರೆ.

"ಪಕ್ಕದ ಮನೆ ಗೋಡೆ ಮುಗಿಸಿ ಬರ್ತೀನಿ, ಹದಿನೈದು ದಿನ ಇರಲಿ ಅಂದ್ನಲ್ಲ. ಆಗ ಹೇಳ್ಬಾರದಿತ್ತಾ?" ಎನ್ನುತ್ತಾರೆ. "ಯಾರದೋ ಕಾಂಪೌಂಡು ಗೋಡೆಗೆ ಹದಿನೈದು ದಿನ ಕೂತಿದ್ದೆನಲ್ಲೇ."

ಅಕ್ಕ ಲೋಟದಲ್ಲಿ ನೀರು ಹಿಡಿದುಕೊಡುತ್ತಾರೆ. ಒಂದು ಗುಟುಕು ಕುಡಿದ ಮೇಸ್ತ್ರಿ, "ತಳ್ಳಮ್ಮ, ಬೇಗ ತಳ್ಳು" ಎನ್ನುತ್ತಾರೆ.

ಸಾಲು ಮತ್ತೆ ಮೊದಲಿನಿಂದ. ಕೌಂಟರಿನಲ್ಲಿ ಮೆಷಿನ್ನು ನಾಲ್ಕು ಸಲ ಕೆಂಪು ದೀಪ ತೋರಿಸುತ್ತದೆ. ಅಕ್ಕ ನಾಲ್ಕು ಸಲವೂ ಬೆರಳು ಒರೆಸಿ, ಉಜ್ಜಿ, ಬಿಸಿ ಮಾಡಿ ಮತ್ತೆ ಇಡಿಸುತ್ತಾರೆ. ಅಧಿಕಾರಿಗೆ ಆಕಳಿಕೆ. ಐದನೆಯ ಸಲ ಹಸಿರು.

"ಯಾಕೆ ಹೋಗ್ತಿದೀರಿ?" ಅಧಿಕಾರಿ ಕೇಳುತ್ತಾರೆ. ಮಗಳು ಬಾಯಿ ತೆರೆಯುವ ಮೊದಲೇ ಅಕ್ಕ ಅವಳ ಕೈ ಅದುಮುತ್ತಾರೆ.

"ದೊಡ್ಡ ಮಗಳಿಗೆ ಹುಷಾರಿಲ್ಲ ಸ್ವಾಮಿ. ಜೊತೆಗಿರೋಕೆ ಹೋಗ್ತಿದೀನಿ." ಮಾತು ನೆಟ್ಟಗಿದೆ. ಮುದ್ರೆ ಬೀಳುತ್ತದೆ.

ಒಬ್ಬರನ್ನು ದಾಟಿಸಲು ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ವಿಮಾನದ ಬಾಗಿಲಲ್ಲಿ ಮೇಸ್ತ್ರಿ ಅಕ್ಕನ ತಲೆಯ ಮೇಲೆ ಕೈಯಿಟ್ಟು ಒಳಗೆ ಹೋಗುತ್ತಾರೆ. ತಮ್ಮ ಅಪ್ಪ ಸತ್ತ ಮೇಲೆ ಆ ಜಾಗದಲ್ಲಿ ಯಾರೂ ಕೈಯಿಟ್ಟಿರಲಿಲ್ಲವೆಂದು ಅಕ್ಕ ಆಮೇಲೆ ಹೇಳುತ್ತಾರೆ.

ಮಧ್ಯಾಹ್ನ ಪಾಳಿ ಮುಗಿದಾಗ ಎಣಿಕೆ ಏಳು. ಸೂಪರ್‌ವೈಸರ್ ಗಡಿಯಾರ ಎಣಿಕೆಯ ಪುಸ್ತಕ ಮಡಚಿ, "ನನ್ನ ತಲೆ ಮೇಲೂ ಒಬ್ರು ಕೂತಿದಾರೆ ಅಕ್ಕಾ" ಎನ್ನುತ್ತಾರೆ. ಕೆಟ್ಟ ಮನುಷ್ಯನಲ್ಲ, ಮುಖ ಕೊಟ್ಟು ಮಾತಾಡಲಾಗದೆ ಗೋಡೆ ನೋಡುತ್ತಾರೆ. ನಾಳೆಯಿಂದ ಖಾಲಿ ಕುರ್ಚಿ.

ಬಸ್ ನಿಲ್ದಾಣದ ಮೆಟ್ಟಿಲ ಮೇಲೆ ಕೂತು ಕುರ್ಚಿಯಕ್ಕ ಮೊಣಕಾಲಿನ ಪಟ್ಟಿ ಬಿಚ್ಚುತ್ತಾರೆ. ಬಟ್ಟೆ ಒತ್ತಿದ ಗುರುತು ಚರ್ಮದ ಮೇಲೆ ಕೆಂಪಗೆ ಮೂಡಿದೆ. ಮೂರು ಬಸ್ಸು ಹೋದರೂ ಏಳುವುದಿಲ್ಲ.

"ಜಗಳ ಆಡ್ಲಿಲ್ಲ. ಸುಸ್ತಾಗಿದೆ" ಎನ್ನುತ್ತಾರೆ. "ಆದ್ರೆ ಒಂದು ಮಾತು ಕೇಳ್ದೆ. ಖಾಲಿ ಕುರ್ಚಿಯೆಲ್ಲಾ ತಂದು ನಿಲ್ಸಿ, ಪಾಳಿ ಮುಗಿದ್ಮೇಲೆ, ನನ್ನ ಸ್ವಂತ ಹೊತ್ತಲ್ಲಿ, ದಿನಕ್ಕೆ ಒಬ್ರನ್ನ ಕೊಡಿ ಅಂದೆ. ನೋಡೋಣ ಅಂದ್ರು. ಬೆರಳಚ್ಚು ಹತ್ತದೋರು, ಮಾತು ತಡವರಿಸೋರು, ಹೊತ್ತು ಹಿಡಿಯತ್ತೆ ಅಂತ ಯಾರೂ ಮುಟ್ಟದೋರು ಇರ್ತಾರಲ್ಲ, ಅವರಲ್ಲಿ ಒಬ್ರು ಸಾಕು ನನಗೆ."