ಯಡ್ತರೆಯ ಕಾರ್ಡಿನಲ್ಲಿದ್ದ ಹೆಸರು

ಅದು ಸಾವಿರದ ಒಂಬೈನೂರ ಅರವತ್ತಾರು. ಅಕ್ಕಿ ಸಿಗುವುದೇ ಕಷ್ಟವಾಗಿತ್ತು. ಕುಂದಾಪುರದ ಪ್ರೇಮಾನಂದ ಮಾಸ್ತರರ ರೇಷನ್ ಕಾರ್ಡಿನಲ್ಲಿ ಐದು ಹೆಸರು. ಮನೆಗೆಲಸದ ಸುಂದರಿಯೂ ಸೇರಿ ಉಣ್ಣುವವರು ಆರು ಜನ. ಮಾಸ್ತರರು ನಿಯಮದ ಮನುಷ್ಯ. ಅವಳ ಹೆಸರು ಸೇರಿಸಲು ಅರ್ಜಿ ಬರೆದರು. ಹುಟ್ಟಿದ ತಾರೀಕು ಇಲ್ಲವೆಂದು ಅದು ಹಿಂದೆ ಬಂತು. ಅಂದಾಜಿನ ತಾರೀಕು ಹಾಕಿ ಕೊಟ್ಟರೆ, ಅವಳ ಊರು ಯಡ್ತರೆಯ ಕಾರ್ಡಿನಿಂದ ಹೆಸರು ತೆಗೆಸಿ ಬನ್ನಿ ಎಂದರು ಆಫೀಸಿನವರು.

"ಶನಿವಾರದೊಳ್ಗೆ ಹೆಸ್ರ್ ತೆಗ್ಸಿದ್ ಕಾಗ್ದ ತರ್ಕ್, ಸುಂದರಿ," ಎಂದರು ಮಾಸ್ತರರ ಹೆಂಡತಿ ಹರಿಣಾಕ್ಷಿ. "ಇಲ್ದಿರೆ ನಿನ್ನ ಇಟ್ಕಂಬುಕಾತಿಲ್ಲೆ."

ಯಡ್ತರೆಗೆ ಹೋಗುವ ಬಸ್ಸಿನಲ್ಲಿ ಸುಂದರಿ, ಸಹಿಗೆಂದು ಮಾಸ್ತರರು ಬರೆದುಕೊಟ್ಟ ಕಾಗದವನ್ನು ಎಷ್ಟು ಸಲ ಮಡಚಿ ಬಿಡಿಸಿದಳೋ. ಬೊಂಬಾಯಿಗೆ ಹೋದ ಗಂಡ ನಾಲ್ಕು ವರ್ಷದಿಂದ ಪತ್ತೆಯಿಲ್ಲ. ಅವಳದೆಂದು ಉಳಿದದ್ದು ತಾಯಿಮನೆಯ ಒಳಗಿನ ಕೋಣೆಯೊಂದೇ.

ಆ ಮನೆಯ ಕಾರ್ಡಿನ ಯಜಮಾನ, ಸೋದರಮಾವ ಚಂದಯ್ಯ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. "ಹ್ವಾಯ್, ಎಂತ ಹೆಣ್ಣೇ, ಮಾಸ್ಟ್ರ್ ಓಡ್ಸಿದ್ರಾ?"

"ಇನ್ನೂ ಇಲ್ಲೆ, ಮಾವ. ಕಾಗ್ದ ಕೊಟ್ ಕಳ್ಸೀರ್."

ಚಂದಯ್ಯ ಓದಿದ. "ಇಷ್ಟೇಯಾ? ಪೆನ್ ತಾ, ಸಹಿ ಹಾಕ್ತೆ."

ಅವನ ಆ ಅವಸರ ಕಂಡೇ, ಕಾರ್ಡಿನ ಹೆಸರಿನ ಜೊತೆ ಕೋಣೆಯೂ ಹೋದೀತೆಂದು ಅವಳಿಗೆ ಹೆದರಿಕೆಯಾಯಿತು. ಎದ್ದು ಒಳಗಿನ ಕೋಣೆಯ ಬಾಗಿಲು ದೂಡಿದಳು. ನೆಲ ಕಾಣದಷ್ಟು ತೆಂಗಿನಕಾಯಿ.

"ಮಾವ, ಇನ್ನೊಂದ್ ಸಾಲ್ ಬರ್ದ್ ಕೊಡಿ. ಈ ಕ್ವಾಣಿ ಸುಂದರಿದ್ ಅಂದೇಳಿ."

"ನನ್ ಬಾಯಿಮಾತ್ ಸಾಕಾತಿಲ್ಲ್ಯಾ ನಿಂಗೆ?"

"ಆಪೀಸಿನವ್ರಿಗೆ ನನ್ ಬಾಯಿಮಾತ್ ಸಾಕಾಯ್ಲಿಲ್ಲೆ. ನಾನೂ ಅಲ್ಲೇ ಕಲ್ತದ್ದ್."

ಚಂದಯ್ಯ ಪೆನ್ನು ಹಿಡಿದು ಕೂತ. ಅಂಗಳ ನೋಡಿದ, ಹಗ್ಗ ನೋಡಿದ. ಬರೆಯಲಿಲ್ಲ.

ಅವನ ಕೈಯಡಿಯಿಂದ ಸುಂದರಿ ಕಾಗದ ಎಳೆದುಕೊಂಡಳು. "ಹಾಂಗಾರೆ ಇದೂ ಬ್ಯಾಡ. ಕಾರ್ಡಿನ ನನ್ ಪಾಲಿನ ಅಕ್ಕಿ ಅಳ್ದ್ ಕೊಡಿ."

ಅವನು ಎದ್ದು ಅಳೆದುಕೊಟ್ಟ.

ಆ ಅಕ್ಕಿಯ ಗಂಟನ್ನು ಅವಳು ಕುಂದಾಪುರದ ಅಡುಗೆಮನೆಯಲ್ಲಿ ಇಳಿಸಿದಳು. "ಹೆಸ್ರ್ ಅಲ್ಲೇ ಇರ್ಲಿ, ಅಮ್ಮ. ನನ್ ಅಕ್ಕಿ ನಾನೇ ತತ್ತೆ."

ಹರಿಣಾಕ್ಷಿ ಗಂಟು ಬಿಚ್ಚಿ, ಅಕ್ಕಿಯನ್ನು ಕೈಯಲ್ಲಿ ಆಡಿಸಿ ನೋಡಿ, ಡಬ್ಬಿಗೆ ಸುರಿದರು. ಮಾಸ್ತರರಿಗೆ ಮಾತ್ರ ಸಮಾಧಾನವಿಲ್ಲ. ಹೀಗೆ ಮಾಡಬಹುದೇ ಎಂದು ಕೇಳಿ ಮತ್ತೊಂದು ಅರ್ಜಿ ಬರೆದರು. ಅದಕ್ಕೆ ಉತ್ತರ ಬರಲೇ ಇಲ್ಲ.

ಮುಂದೆ ಆರು ವರ್ಷ, ಎರಡು ವಾರಕ್ಕೊಮ್ಮೆ, ಸುಂದರಿ ಅಕ್ಕಿ ತರಲು ಯಡ್ತರೆಗೆ ಹೋದಳು. ಹೋದಾಗಲೆಲ್ಲ ಕೋಣೆಯ ಕಾಯಿಗಳನ್ನು ಗೋಡೆಗೆ ಒತ್ತಿ, ಚಾಪೆ ಹಾಸುವಷ್ಟು ಜಾಗ ಮಾಡಿ, ಬಸ್ಸಿನ ಹೊತ್ತಿನವರೆಗೆ ಅಲ್ಲಿ ಮಲಗಿ ಎದ್ದು ಬರುತ್ತಿದ್ದಳು. ಮುಂದಿನ ಸಲಕ್ಕೆ ಆ ಜಾಗ ಮತ್ತೆ ತುಂಬಿರುತ್ತಿತ್ತು. ಅವಳು ಸೆರಗು ಸಿಕ್ಕಿಸಿ ಮೊದಲಿನಿಂದ ಶುರುಮಾಡುತ್ತಿದ್ದಳು.